ನಾಲ್ಕು, ಒಂಬತ್ತು, ಹದಿನಾಲ್ಕು

ಲೆಕ್ಕದಲ್ಲಿ ಹಿಂದುಳಿದವನೊಬ್ಬ ಲೆಕ್ಕದಿಂದ ಸಿಕ್ಕಿಬಿದ್ದ ಕಳ್ಳನ ಕಥೆ ಹೇಳುವುದು ಅಧಿಕಪ್ರಸಂಗವೇ. ಓದುಗರು ಮನ್ನಿಸಬೇಕು.

ಬೆಂಗಳೂರಿನಿಂದ ಮರಳಿದ ತಿರುಮಲೇಶ್ ರಾಯದುರ್ಗದ ತನ್ನ ಜೀನ್ಸ್ ಘಟಕದ ಬಾಗಿಲು ತೆರೆದ. ಕತ್ತರಿಸುವ ಮೇಜು ಬರಿದಾಗಿತ್ತು. ಹೊಲಿಗೆಗೆ ಸಿದ್ಧವಾಗಿದ್ದ ಪ್ಯಾಂಟಿನ ತುಂಡುಗಳಷ್ಟೂ ಮಾಯ. ಬೀಗ ಮುರಿದಿರಲಿಲ್ಲ.

ಅವನು ದೂರು ಕೊಟ್ಟ. ಮಧ್ಯಾಹ್ನ ಹೆಸರು ಹೇಳದ ಯಾರೋ ಠಾಣೆಗೆ ಫೋನ್ ಮಾಡಿ ಕದ್ದ ಮಾಲು ಇಂಥ ಮನೆಯಲ್ಲಿದೆ ಎಂದರು. ಎಸ್‌ಐ ಹೇಮಶ್ರೀ ಹೋಗಿ ನೋಡಿದಳು. ಆ ಘಟಕದ ಪ್ಯಾಂಟುಗಳನ್ನು ಮನೆಯಲ್ಲೇ ಹೊಲಿಯುವ ರಾಮಾಂಜಿನಮ್ಮನ ಮಂಚದ ಕೆಳಗೆ ಒಂದು ಗಂಟು. ತುಂಡುಗಳ ಮೇಲೆ ಘಟಕದ್ದೇ ನಂಬರಿನ ಸ್ಟಿಕ್ಕರು.

"ನೀರಿಗೆ ಹೋಗಿದ್ದೆ ರೀ. ಇದು ಯಾವಾಗ ಬಂತೋ," ಎಂದಳು ರಾಮಾಂಜಿನಮ್ಮ. ಆಮೇಲೆ ತಗ್ಗಿದ ದನಿಯಲ್ಲಿ, "ಕಳ್ಳಿ ಅಂದಮ್ಯಾಲ ಈ ಊರಾಗ ಯಾರು ಹೊಲಿಗಿ ಕೊಡ್ತಾರ್ರಿ?"

ತಿರುಮಲೇಶನ ಬಾಮೈದ, ಘಟಕದ ಲೆಕ್ಕ ನೋಡುವ ರವಿತೇಜ, ಬಾಗಿಲಲ್ಲಿ ನಿಂತು ನಕ್ಕ. "ಒಂಟಿ ಹೆಂಗಸು ಮೇಡಂ. ಹಿಂದ ಮುಂದ ಕೇಳೋರಿಲ್ಲ."

ಹೇಮಶ್ರೀಗೆ ಆ ಮಾತು ಚುಚ್ಚಿತು. ಮಡಕಶಿರದಿಂದ ಬಂದು ಬಾಡಿಗೆ ಕೋಣೆಯಲ್ಲಿರುವ ಅವಳನ್ನೂ ಕೇಳುವವರಿರಲಿಲ್ಲ.

ಆದರೆ ರಾಮಾಂಜಿನಮ್ಮನ ಬಳಿ ಘಟಕದ ಕೀಲಿ ಇರಲಿಲ್ಲ. ಮಾಲೀಕ ಊರಲ್ಲಿಲ್ಲದಾಗ ಕೀಲಿ ಇದ್ದದ್ದು ಇಬ್ಬರ ಬಳಿ. ರವಿತೇಜ ಮತ್ತು ಕಟಿಂಗ್ ಮಾಸ್ಟರ್ ಬಸವರಾಜು. ಬಸವರಾಜು ಮಾಲೀಕನೊಂದಿಗೆ ಜಗಳವಾಡಿ ಕೆಲಸ ಬಿಡುವುದರಲ್ಲಿದ್ದ. ಅನುಮಾನ ಅವನ ಮೇಲೆಯೇ ಹೋಯಿತು.

* * *

ಠಾಣೆಯಲ್ಲಿ ಹೇಮಶ್ರೀ ಕಳೆದುಹೋದ ಫೋನೊಂದರ ಗುರುತಿನ ಸಂಖ್ಯೆಯನ್ನು ಕಂಪ್ಯೂಟರಿಗೆ ಹಾಕುತ್ತಿದ್ದಳು. ಒಂದಂಕಿ ತಪ್ಪಿತು. ಕಂಪ್ಯೂಟರ್ ಒಪ್ಪಲಿಲ್ಲ. ಉಳಿದ ಅಂಕಿಗಳಿಂದ ಒಂದು ಮೊತ್ತ ಮಾಡಿ, ಹತ್ತರಿಂದ ಭಾಗಿಸಿದಾಗ ಉಳಿಯುವ ಶೇಷ ನೋಡಿ ಕೊನೆಯ ಅಂಕಿ ಇಟ್ಟಿರುತ್ತಾರೆಂದು ಅವಳಿಗೆ ತರಬೇತಿಯಲ್ಲಿ ಹೇಳಿದ್ದರು. ಸುಳ್ಳು ಸಂಖ್ಯೆ ತಾನಾಗಿಯೇ ಸಿಕ್ಕಿಬೀಳುತ್ತದೆ. ಸ್ಟಿಕ್ಕರಿನ ಸಂಖ್ಯೆಯೂ ಹಾಗೆ ಸಿಕ್ಕಿಬೀಳಬಹುದೇ?

ಬಸವರಾಜುವನ್ನು ಕರೆಸಿ ಕೇಳಿದಳು.

"ಬಟ್ಟಿದು ಐದು ರೋಲ್ ಇರ್ತಾವ್ರಿ. ಒಂದೊಂದರ ನೀಲಿ ಒಂದೊಂದು ಥರ. ಸರದಿ ಮ್ಯಾಲ ಒಂದೊಂದು ಪದರ ಹಾಸಿ, ಒಟ್ಟಿಗೆ ಕತ್ತರಿಸಿ, ಎಷ್ಟನೇ ಪದರವೋ ಆ ನಂಬರ್ ತುಂಡಿಗೆ ಹಚ್ತೀವಿ. ಐದಾದಮ್ಯಾಲ ಮತ್ತ ಮೊದಲನೇ ರೋಲು."

"ಗಡಿಯಾರದ ಮುಳ್ಳು ಹನ್ನೆರಡು ದಾಟಿ ಒಂದಕ್ಕೆ ಬಂದಂಗೆ?"

"ಹೌದ್ರಿ. ಒಂದು, ಆರು, ಹನ್ನೊಂದು, ಮೂರೂ ಒಂದೇ ರೋಲು."

"ಅಂದ್ರೆ ನಂಬರನ್ನ ಐದರಿಂದ ಭಾಗಿಸಿ, ಶೇಷ ಸಮ ಇದ್ರೆ ಬಣ್ಣನೂ ಸಮ."

ಗಂಟನ್ನು ಬಿಸಿಲಿಗೆ ಬಿಚ್ಚಿದಳು. ನಾಲ್ಕು, ಒಂಬತ್ತು, ಹದಿನಾಲ್ಕು. ಮೂರಕ್ಕೂ ಶೇಷ ನಾಲ್ಕೇ. ಆದರೆ ಒಂದು ಕಡುನೀಲಿ, ಒಂದು ತೆಳುನೀಲಿ, ಇನ್ನೊಂದು ಬೂದಿ ಬೆರೆತ ನೀಲಿ.

* * *

ಘಟಕದಲ್ಲಿ ಎಲ್ಲರೆದುರು ಹೇಮಶ್ರೀ ಆ ಮೂರು ತುಂಡುಗಳನ್ನು ಮೇಜಿನ ಮೇಲಿಟ್ಟು ಬಣ್ಣ ನೋಡಿ ಎಂದಳು.

"ಬಣ್ಣ ಯಾರು ನೋಡ್ತಾರ್ರಿ?" ಎಂದ ರವಿತೇಜ.

"ಬಟ್ಟೆ ಹಾಸೋನು ನೋಡ್ತಾನೆ ಕಣಪ್ಪ."

ಅವಳು ಬಿಡಿಸಿ ಹೇಳಿದಳು. ಇವು ಕಳುವಾದ ಬಟ್ಟೆಯಲ್ಲ, ಘಟಕದ ಮೂಲೆಯಲ್ಲಿ ಬಿದ್ದಿದ್ದ ಹಳೆಯ ತುಂಡುಗಳು. ಕಳ್ಳ ಒಳ್ಳೆಯ ಮಾಲಿನ ಸ್ಟಿಕ್ಕರು ಕಿತ್ತು ಇವಕ್ಕೆ ಅಂಟಿಸಿದ. ಮಾಲೂ ಅವನಿಗೇ ಉಳಿಯಿತು, ತಪ್ಪೂ ಬೇರೆಯವಳ ಮನೆ ಸೇರಿತು. ಬಸವರಾಜು ಮಾಡಿದ್ದರೆ ಕಣ್ಣು ಮುಚ್ಚಿಕೊಂಡರೂ ಸರದಿ ತಪ್ಪುತ್ತಿರಲಿಲ್ಲ. ಕೀಲಿಯಿದ್ದು ಸರದಿ ಗೊತ್ತಿಲ್ಲದವನು ಒಬ್ಬನೇ.

ರವಿತೇಜ ಭಾವನ ಮುಖ ನೋಡಿದ. ತಿರುಮಲೇಶ್ ತಲೆ ತಗ್ಗಿಸಿದ. ಸಂಜೆಯೊಳಗೆ ರವಿತೇಜನೇ ತೋರಿಸಿದ ಬಳ್ಳಾರಿ ರಸ್ತೆಯ ಗೋದಾಮಿನಲ್ಲಿ ಮಾಲು ಸಿಕ್ಕಿತು. ಹೆಸರು ಹೇಳದೆ ಫೋನ್ ಮಾಡಿದ್ದೂ ತಾನೇ ಎಂದು ಅವನು ಒಪ್ಪಿಕೊಂಡ.

ರಾಮಾಂಜಿನಮ್ಮನಿಗೆ ಹೊಲಿಗೆ ಮತ್ತೆ ಬಂತು. ಅವಳು ಸಂತೋಷಪಡಲಿಲ್ಲ. "ಹಾಡುಹಗಲು ಗಂಟು ಹೊತ್ತು ನಮ್ಮ ಓಣ್ಯಾಗ ಬಂದಾನ. ಯಾರೂ ನೋಡಿಲ್ಲೇನ್ರಿ?" ಎಂದಷ್ಟೇ ಕೇಳಿದಳು.

ಹೇಮಶ್ರೀ ಓಣಿಯ ಪ್ರತಿ ಮನೆಯಲ್ಲೂ ವಿಚಾರಿಸಿದಳು. ಎಲ್ಲರೂ ಇಲ್ಲವೆಂದರು. ಕಂಡೂ ಸುಮ್ಮನಿದ್ದವರು ಯಾರು, ಯಾಕೆ ಸುಮ್ಮನಿದ್ದರು ಎಂಬುದು ಅವಳಿಗೆ ಗೊತ್ತಾಗಲಿಲ್ಲ. ನನಗೂ ಗೊತ್ತಿಲ್ಲ.