ಆರನೆಯ ಪ್ರಶ್ನೆ

ಉಪ್ಪಿನಬೆಟಗೇರಿಯಿಂದ ಧಾರವಾಡದ ಮೇಲೆ ದೇಶಪಾಂಡೆ ನಗರದ ಕಡೆ ಹೋಗುವ ಬೆಳಗಿನ ಬಸ್ಸಿನಲ್ಲಿ ಸುಮಲತಾಳ ಧ್ವನಿ ಮೂರು ಮೊಬೈಲುಗಳಿಂದ ಒಟ್ಟಿಗೇ ಹೊರಟಿತ್ತು. ಕಿಟಕಿಯ ಪಕ್ಕ ಕೂತಿದ್ದ ಹೊಳೆವ್ವ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡಳು. ಎಳೆದುಕೊಂಡರೇನು, ಹಾಲಿಗೆ ಸಕ್ಕರೆ ಬೆರೆಸಿದಂಥ ಆ ಧ್ವನಿ ಬಿಟ್ಟೀತೇ?

"ವಿದ್ಯಾರ್ಥಿ ಮಿತ್ರರೇ, ಈಗ ಚರ್ಚೆಯ ಪ್ರಶ್ನೆಗಳು."

ಪ್ರಶ್ನೆಗಳೆಲ್ಲ ಹೊಳೆವ್ವಳವು. ಧ್ವನಿ ಮಾತ್ರ ಸುಮಲತಾಳದು. ಹೊಟ್ಟೆ ಉರಿಯದೆ ಇನ್ನೇನಾದೀತು!

ಇದು ಎರಡು ಸಾವಿರದ ಎಂಟರ ಮಾತು. ದೇಶಪಾಂಡೆ ನಗರದ ಹತ್ತಿರದ ಒಂದು ಡಿಗ್ರಿ ಕಾಲೇಜಿನಲ್ಲಿ ಹೊಳೆವ್ವ ಅರ್ಥಶಾಸ್ತ್ರದ ಲೆಕ್ಚರರ್. ಅವಳ ಜೊತೆಯ ಲೆಕ್ಚರರ್ ಫಕೀರೇಶನಿಗೆ ಪಾಡ್‌ಕಾಸ್ಟಿನ ಹುಚ್ಚು. ಪುಟ್ಟ ರೆಕಾರ್ಡರ್ ಹಿಡಿದು ದುರ್ಗದಬೈಲಿನ ಪೇಟೆಗೆ ಹೋಗಿ, ಬಳೆಗಾರರ, ಗಿರ್ಮಿಟ್ ಗಾಡಿಯವರ ಮಾತು ತುಂಬಿಕೊಂಡು ಬಂದು, ವಾರಕ್ಕೊಂದು ಕಂತು ಮಾಡುತ್ತಿದ್ದ. ಶಾಬುದ್ದೀನನ ಸೈಬರ್ ಕೆಫೆಯಿಂದ ಅದು ಇಂಟರ್‌ನೆಟ್ಟಿಗೆ ಏರುತ್ತಿತ್ತು, ಅಲ್ಲಿಂದ ಹುಡುಗರ ಮೊಬೈಲಿಗೆ ಇಳಿಯುತ್ತಿತ್ತು. ಕೊನೆಗೆ ಐದು ಪ್ರಶ್ನೆ. ಸೋಮವಾರದ ಕ್ಲಾಸಿನಲ್ಲಿ ಅವುಗಳ ಮೇಲೆ ಹೊಳೆವ್ವ ಚರ್ಚೆ ನಡೆಸಿದರೆ, ತುಟಿ ಪಿಟ್ಟೆನ್ನದ ಹುಡುಗಿಯರೂ ಎದ್ದು ಜಗಳಕ್ಕೆ ನಿಲ್ಲುತ್ತಿದ್ದರು.

ಪ್ರಶ್ನೆ ಬರೆದವಳೇ ಓದಲಿ ಎಂದು ಫಕೀರೇಶ ಕೇಳಿದ್ದ. ಎರಡು ಸಲ ಕೇಳಿದ್ದ.

"ನನ್ನ ಧ್ವನಿ ಎಮ್ಮಿ ಒದರಿದಂಗ ಐತ್ರಿ, ಬ್ಯಾಡ," ಎಂದಿದ್ದಳು ಹೊಳೆವ್ವ. ಎಂ.ಎ. ಓದುವಾಗ ಸೆಮಿನಾರಿನಲ್ಲಿ ಅವಳು ಬಾಯಿ ತೆರೆದೊಡನೆ ಹಿಂದಿನ ಬೆಂಚು ನಕ್ಕಿತ್ತು. ಆ ನಗು ಇನ್ನೂ ಕಿವಿ ಬಿಟ್ಟಿರಲಿಲ್ಲ.

ಬೇಡವೆಂದವಳು ಸುಮ್ಮನಿರಬೇಕಿತ್ತು. ಅದೂ ಆಗಲಿಲ್ಲ. ಕನ್ನಡ ವಿಭಾಗದ ಸುಮಲತಾ, ಧಾರವಾಡದ ಹುಡುಗಿ, ಓದಲು ಒಪ್ಪಿದ್ದೇ ತಡ, ಹೊಳೆವ್ವಳ ನಿದ್ದೆ ಹಾರಿತು. ಲೈಬ್ರರಿಯ ಹಿಂದಿನ ಕೋಣೆಯಲ್ಲಿ ರೆಕಾರ್ಡಿಂಗ್. ಹೊರಗಿನ ಸದ್ದು ಬಾರದಿರಲೆಂದು ಕಿಟಕಿಗೆ ಕೌದಿ ಕಟ್ಟಿತ್ತು. ಅದು ಹೊಳೆವ್ವಳೇ ಮನೆಯಿಂದ ತಂದುಕೊಟ್ಟ, ಅವಳ ಅವ್ವ ಹೊಲಿದ ಕೌದಿ! ಒಮ್ಮೆ ಬಾಗಿಲ ಗಾಜಿನಲ್ಲಿ ಇಣುಕಿದಳು. ಸುಮಲತಾ ಹುಬ್ಬು ಏರಿಸಿ ಏನೋ ಮಾಡಿ ತೋರಿಸಿದಳು; ಫಕೀರೇಶ ತುಟಿಯ ಮೇಲೆ ಬೆರಳಿಟ್ಟುಕೊಂಡು ಕಣ್ಣಲ್ಲೇ ನಕ್ಕ. ಆ ಕಣ್ಣಿನ ನಗು ತನ್ನೊಬ್ಬಳದೇ ಎಂದು ಹೊಳೆವ್ವ ಅಲ್ಲಿಯವರೆಗೆ ನಂಬಿದ್ದಳು.

ಕಳೆದ ಶುಕ್ರವಾರ ಜವಾನ ಉಡಚಪ್ಪ ಉರಿಯುವ ಬೆಂಕಿಗೆ ತುಪ್ಪ ಸುರಿದಿದ್ದ. "ಈ ರವಿವಾರ ಬಿಟ್ಟು ಬರೂ ರವಿವಾರ, ಸುಮಲತಾ ಮೇಡಮ್ಮಾರ ಹಿರ್ಯಾರು ಫಕೀರೇಶ ಸರ್ ಮನಿಗೆ ಲಗ್ನದ ಮಾತಾಡಾಕ ಹೊಂಟಾರಂತ್ರಿ."

ಆ ವಾರದ ವಿಷಯ ಬದಲಿ ಸರಕು: ಚಹಾ ತುಟ್ಟಿಯಾದರೆ ಜನ ಕಾಫಿ ಕುಡಿಯುವ ವಿಚಾರ. ಐದು ಪ್ರಶ್ನೆ ಬರೆದ ಮೇಲೂ ಹೊಳೆವ್ವಳ ಪೆನ್ನು ನಿಲ್ಲಲಿಲ್ಲ. ಕೆಳಗೆ ಇನ್ನೊಂದನ್ನು ಗೀಚಿದಳು. ಹರಿದು ಹಾಕಬೇಕು ಎನ್ನುವಷ್ಟರಲ್ಲಿ ಬೆಲ್ ಹೊಡೆಯಿತು, ಕ್ಲಾಸಿಗೆ ಓಡಿದಳು. ತಿರುಗಿ ಬರುವಷ್ಟರಲ್ಲಿ ಉಡಚಪ್ಪ ಹಾಳೆಯನ್ನು ರೆಕಾರ್ಡಿಂಗ್ ಕೋಣೆಗೆ ಒಯ್ದು ಕೊಟ್ಟಿದ್ದ; ಓದುವುದು ಐದೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡಿದ್ದಳು.

ಈಗ ಬಸ್ಸಿನಲ್ಲಿ ಸುಮಲತಾ ಹೇಳಿದಳು: "ಆರನೆಯ ಪ್ರಶ್ನೆ."

ಹೊಳೆವ್ವ ಕೂತಲ್ಲಿಂದ ಅರ್ಧ ಎದ್ದಳು.

"ಒಂದು ಧ್ವನಿ ಸಿಗಲಿಲ್ಲವೆಂದು ಇನ್ನೊಂದನ್ನು ತಂದುಕೊಂಡವರು ಸುಖವಾಗಿರುತ್ತಾರೆಯೇ? ಮೊದಲಿನ ಧ್ವನಿಯ ನೆನಪು... ಅವರಿಗೆ ಬರುವುದೇ ಇಲ್ಲವೇ?"

ಆಮೇಲೆ ಫಕೀರೇಶ: "ಇದರ ಉತ್ತರ ಮುಂದಿನ ಕಂತಿನಲ್ಲಿ."

ಬಸ್ಸಿನಿಂದ ಹಾರಿಬಿಡಲೇ ಅನ್ನಿಸಿತು.

ಕ್ಲಾಸಿನಲ್ಲಿ ದಾಕ್ಷಾಯಿಣಿ ಎಂಬ ಹುಡುಗಿ ಮೊದಲು ಎದ್ದಳು. "ಮೇಡಂ, ಆರನೇದ್ದಕ್ಕ ನಾ ಹೇಳ್ತೇನ್ರಿ."

"ಅದು ಪ್ರಶ್ನಿ ಅಲ್ಲ, ಕೂಡು."

"ಅಲ್ರಿ ಮೇಡಂ, ಕೊಳ್ಳಾವ್ರು ಬಂದಾಗ ಅಂಗಡಿ ಬಾಗಲಾ ಹಾಕ್ಕೊಂಡು ಕುಂತು, ಆಮ್ಯಾಲೆ ಅವರು ಬಾಜೂ ಅಂಗಡಿಗೆ ಹೋದ್ರಂತ ಸಿಟ್ಟಾದ್ರ ಹ್ಯಾಂಗ್ರಿ? ಕೊಳ್ಳಾವ್ರದೇನ ತಪ್ಪೈತಿ?"

ಕ್ಲಾಸೆಲ್ಲ ಚಪ್ಪಾಳೆ. ಹೊಳೆವ್ವ ತಿರುಗಿ ಬೋರ್ಡು ಒರೆಸತೊಡಗಿದಳು. ಹುಡುಗಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಹೊರಗೆ ವರಾಂಡದಲ್ಲಿ ಸುಮಲತಾ ಕಾಯುತ್ತಿದ್ದಳು. "ಹೊಳೆವ್ವ ಮೇಡಂ, ಓದಾಕತ್ತಾಗ ನನಗ ತಿಳೀತ್ರಿ ಅದು ಯಾರಿಗೆ ಕೇಳಿದ ಪ್ರಶ್ನಿ ಅಂತ. ಇನ್ನ ಮ್ಯಾಲೆ ನಾ ಓದಂಗಿಲ್ಲ."

"ಮತ್ತ ರವಿವಾರ ನಿಮ್ಮ ಹಿರ್ಯಾರು..."

"ಶನಿವಾರತನಕ ತಡೀರಿ ಅಂತ ಅವರಿಗೆ ಹೇಳೇನಿ. ಖರೇ ಹೇಳ್ಲೇನ್ರಿ? ಫಕೀರೇಶ ಅವರು ನನಗೂ ಛಲೋ ಅನಿಸ್ಯಾರ. ನೀವು ಬಾಯಿ ಬಿಡಲಿಲ್ಲ ಅಂದ್ರ ಅವರನ್ನ ನಾ ಯಾಕ ಬಿಡ್ಲಿ?"

ಹೊಳೆವ್ವ ಅಲ್ಲಿಂದ ನೇರ ಕೌದಿಯ ಕೋಣೆಗೆ ನಡೆದಳು. ಫಕೀರೇಶ ಒಬ್ಬನೇ ಇದ್ದ.

"ಆ ಪ್ರಶ್ನಿ ತಗದು ಹಾಕಾಕ ಬರ್ತಿದ್ದಿಲ್ಲೇನ್ರಿ? ಊರಿಗೆಲ್ಲಾ ಕೇಳಿಸಿದ್ರಿ!"

"ತಗೀಬೇಕಂದೆ, ಮನಸಾಗಲಿಲ್ರಿ. ನನ್ನ ಮ್ಯಾಲೆ ನಿಮಗ ಇಷ್ಟು ಸಿಟ್ಟೈತಿ ಅಂತ ತಿಳದು ಭಾಳ ಖುಷಿ ಆತು."

"ಆಕಿ ಜೋಡಿ ಕಣ್ಣಾಗ ನಗಾಕತ್ತಿದ್ರಿ. ನಾ ನೋಡೇನಿ."

ಅವನಿಗೆ ಆಗಲೂ ನಗು ಬಂತು. "ಅವರು ಹುಬ್ಬು ಏರಿಸಿ ತೋರಿಸಿದ್ದು ಯಾರಂಗ ಗೊತ್ತೇನ್ರಿ? ಕ್ಲಾಸಿನ್ಯಾಗ ಪ್ರಶ್ನಿ ಕೇಳೂ ಮುಂದ ನೀವು ಏರಸ್ತೀರಲ್ಲ, ಹಂಗ. ಈಗೂ ಏರಿಸೀರಿ ನೋಡ್ರಿ."

ಹೊಳೆವ್ವ ಗಡಬಡಿಸಿ ಹುಬ್ಬು ಇಳಿಸಿದಳು.

"ಎರಡು ಸಲ ಕೇಳಿದ್ದೆ," ಎಂದ ಅವನು, ಮೆಲ್ಲಗೆ. "ಮೂರನೇ ಸಲ ಬರೇ ಪ್ರಶ್ನಿ ಓದ್ರಿ ಅಂತ ಕೇಳಾಂವ ಇದ್ದಿಲ್ಲ. ನಿಮ್ಮನ್ನ ಕೇಳಾಂವ ಇದ್ದೆ, ಅದಕ್ಕ ಧೈರ್ಯ ಆಗಲಿಲ್ಲ."

ರೆಕಾರ್ಡರಿನ ಕೆಂಪು ದೀಪ ಹತ್ತಿಸಿ ಅವಳ ಮುಂದೆ ಸರಿಸಿದ. ಹೊಳೆವ್ವಳಿಗೆ ಹಿಂದಿನ ಬೆಂಚಿನ ನಗು ಕೇಳಿಸಿತು. ಈ ಕುರ್ಚಿಯಲ್ಲಿ ಇನ್ನೊಬ್ಬಳು ಕೂತ ಚಿತ್ರವೂ ಕಣ್ಣಿಗೆ ಬಂತು. ನಗುವಿಗಿಂತ ಅದೇ ಹೆಚ್ಚು ಚುಚ್ಚಿತು. ಕೌದಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

"ನಾನು ಹೊಳೆವ್ವ. ಉಪ್ಪಿನಬೆಟಗೇರಿಯಾಕಿ. ಇವತ್ತ ಪ್ರಶ್ನಿ ಒಂದ ಐತಿ. ಬಾಗಲಾ ಹಾಕ್ಕೊಂಡಾಕಿ ತಾನಾಗಿ ತಗದು ಹೊರಗ ಬಂದ್ರ, ಎರಡು ಸಲ ಕೇಳಿದಾವ್ರು ಇನ್ನೂ ಅಲ್ಲೇ ನಿಂತಿರತಾರೇನು?"

ಫಕೀರೇಶ ರೆಕಾರ್ಡರಿನ ಕಡೆ ಬಾಗಿದ. "ನಿಂತಾರ್ರಿ. ನಿಂತು ನಿಂತು ಕಾಲು ನೋಯಾಕತ್ತಾವ."

"ಹಂಗಾದ್ರ ರವಿವಾರ ನಮ್ಮಪ್ಪ ಬರ್ತಾನ. ನಿಮ್ಮ ಅವ್ವಾರಿಗೆ ಹೇಳಿ ಇಡ್ರಿ," ಎಂದಳು. ಆಮೇಲೆ ಕೆಂಪು ದೀಪ ಕಂಡು ಗಾಬರಿಯಾಗಿ, "ಅಯ್ಯ, ಇದನ್ನರೆ ತಗದು ಹಾಕ್ರೀ!"

ತೆಗೆದು ಹಾಕಿದ. ಅವಳ ಪ್ರಶ್ನೆಯೊಂದನ್ನೇ ಉಳಿಸಿದ.

ಮುಂದಿನ ಸೋಮವಾರ ಅದೇ ಬಸ್ಸಿನಲ್ಲಿ, ಅದೇ ಮೊಬೈಲುಗಳಿಂದ ಉಪ್ಪಿನಬೆಟಗೇರಿಯ ಧ್ವನಿ ಹೊರಟಿತು. ಮುದುಕಿಯೊಬ್ಬಳು "ನಮ್ಮೂರ ಹುಡುಗಿ ಅಲ್ಲೇನ ಇದು?" ಎಂದು ತಿರುಗಿ ನೋಡಿದಳು. ಹೊಳೆವ್ವ ಸೆರಗನ್ನು ಕಿವಿಯಿಂದ ಸರಿಸಿ ಕೂತಿದ್ದಳು.

ಮುಂದಿನ ಸೀಟಿನಿಂದ ದಾಕ್ಷಾಯಿಣಿ ಕತ್ತು ಹೊರಳಿಸಿದಳು. "ಮೇಡಂ, ಪ್ರಶ್ನಿ ಐತಿ, ಉತ್ತರಾನ ಇಲ್ಲಲ್ರಿ?"

"ನಿನ್ನೆ ನಮ್ಮಪ್ಪ ಹೋಗಿ ತಂದಾನವಾ," ಎಂದಳು ಹೊಳೆವ್ವ, ಬಸ್ಸಿಗೆಲ್ಲ ಕೇಳುವಷ್ಟು ದೊಡ್ಡದಾಗಿ.