ನಾಲ್ಕು ಸುತ್ತು ತಾಳಿದ ಬೆಸುಗೆ

೨೦೧೯ರ ಆಗಸ್ಟ್ ೧೩, ಮಂಗಳವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಲೋರ್ನಾ ಕೆಸೆಲ್ ಬರ್ರಾಡೇಲ್ ಪೊಲೀಸ್ ಠಾಣೆಗೆ ಬಂದು, ಟವೆಲಿನಲ್ಲಿ ಸುತ್ತಿ ತಂದಿದ್ದ ಕಬ್ಬಿಣದ ತುಂಡೊಂದನ್ನು ಮೇಜಿನ ಮೇಲಿಟ್ಟಳು. ಎರಡು ರಾತ್ರಿ ನಿದ್ದೆಗೆಟ್ಟ ಮುಖ.

"ನನ್ನ ತಂಗಿ ಬೈಕಿನದು. ಅದಾಗೇ ಮುರಿದಿದ್ದಲ್ಲ ಇದು. ಬರ್ಕೊಳ್ಳಿ."

ಠಾಣೆಯ ಮುಖ್ಯಸ್ಥೆ ಸಾರ್ಜೆಂಟ್ ರೋವಿನಾ ಹ್ಯಾಸ್ಲೆಟ್‌ಗೆ ಅಪಘಾತದ ವಿಷಯ ಗೊತ್ತಿತ್ತು. ಭಾನುವಾರ ಊರಾಚೆಯ ಹಳೆ ತಾಮ್ರದ ಗಣಿಯ ದಿಬ್ಬಗಳಲ್ಲಿ ಕ್ಲಬ್ಬಿನ ಚಿಕ್ಕ ಬೈಕುಗಳ ಪಂದ್ಯವಿತ್ತು. ಮಕ್ಕಳಿಗೆಂದು ತಯಾರಾದ ಬೈಕಿನ ಮೇಲೆ ದೊಡ್ಡವರು ಕೂತು ದಿಬ್ಬ ಹಾರಿಸುವ ಆಟ ಅದು. ಫ್ರೇಮನ್ನು ಗಟ್ಟಿ ಮಾಡಿಸದೆ ಯಾರೂ ಕಣಕ್ಕಿಳಿಯುವುದಿಲ್ಲ. ಐದನೇ ಸುತ್ತಿನಲ್ಲಿ, ಎಲ್ಲಕ್ಕಿಂತ ಎತ್ತರದ ದಿಬ್ಬ ಹಾರಿ ಇಳಿಯುವಾಗ, ಏಳನೇ ನಂಬರಿನ ಬೈಕಿನ ಕತ್ತು ಮುರಿದು ಹ್ಯಾಂಡಲ್ ಕೈಗೆ ಬಂದಿತ್ತು. ಓಡಿಸುತ್ತಿದ್ದವಳು ಬ್ರೈಯನಿ ಕೆಸೆಲ್, ಇಪ್ಪತ್ತೇಳು ವರ್ಷ, ಕುರಿಗಳ ಉಣ್ಣೆ ಕತ್ತರಿಸುವ ಕೆಲಸದವಳು. ಈಗ ಅಡಿಲೇಡಿನ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದಳು.

"ಫ್ರೇಮ್ ಗಟ್ಟಿ ಮಾಡಿದ್ದು ಯಾರು?"

"ಎರ್ವಿನ್ ಲಿಂಡ್ನರ್. ಇನ್ಯಾರಿದಾರೆ ಊರಲ್ಲಿ?"

"ಅವರ ಮೇಲೆ ದೂರಾ?"

"ಯಾರ ಮೇಲೋ ಗೊತ್ತಿಲ್ಲ ಸಾರ್ಜ್. ಅದನ್ನ ಹುಡುಕೋದು ನಿಮ್ಮ ಕೆಲಸ. ಆದ್ರೆ ಒಂದು ಮಾತು. ಕ್ಲಬ್ಬಿನ ಗ್ಯಾವಿನ್ ಟ್ರೆಂಬಾತ್ ಓಡಿ ಬಂದು, ಆಂಬುಲೆನ್ಸ್ ಬರೋ ತನಕ ಅವಳ ತಲೆ ಅಲ್ಲಾಡದ ಹಾಗೆ ಹಿಡ್ಕೊಂಡು ಮಣ್ಣಲ್ಲೇ ಕೂತಿದ್ರು. ಇಲ್ದಿದ್ರೆ ಅಲ್ಲೇ ಹೋಗ್ಬಿಡ್ತಿದ್ಲು."

ದೂರು ದಾಖಲಾಯಿತು. ಹನ್ನೊಂದು ಗಂಟೆಗೆ ಕಾನ್‌ಸ್ಟೇಬಲ್ ತೆವಿತಾ ಫೋನುವಾ ಬೈಕಿನ ಉಳಿದ ಭಾಗವನ್ನು ಮಹಜರು ಮಾಡಿ ಠಾಣೆಗೆ ತಂದ. ಟೋಂಗಾ ಮೂಲದ, ಬಾಗಿಲು ತುಂಬುವ ಆಳು. ಇಡೀ ಬೈಕನ್ನು ಒಂದೇ ಕೈಯಲ್ಲಿ ಎತ್ತಿ ತಂದಿದ್ದ.

ಹ್ಯಾಂಡಲ್ ಕೂರುವ ಕತ್ತಿನಿಂದ ಹೊರಡುವ ಮುಖ್ಯ ಕೊಳವೆಗೆ ಎರಡೂ ಬದಿಯಲ್ಲಿ ಒಂದೊಂದು ತ್ರಿಕೋನದ ಉಕ್ಕಿನ ತಗಡು ಬೆಸೆದಿತ್ತು. ಆ ತಗಡುಗಳು ಹರಿದಿದ್ದವು. ಹರಿದ ಅಂಚು ಒರಟಾಗಿ ಹೊಳೆಯುತ್ತಿತ್ತು. ಕೊಳವೆಯ ಕೆಳಭಾಗ ಮಾತ್ರ ಬೇರೆ. ಅರ್ಧದಷ್ಟು, ಗೆರೆ ಹಾಕಿ ಕೊಯ್ದಂತೆ ನೇರವಾಗಿತ್ತು. ಸಂದಿಯಲ್ಲಿ ಬೂದು ಪುಟ್ಟಿ, ಅದರ ಮೇಲೆ ಕಪ್ಪು ಬಣ್ಣ.

"ಗರಗಸ," ಎಂದ ತೆವಿತಾ.

ಅಷ್ಟರಲ್ಲಿ ಊರು ತೀರ್ಪು ಕೊಟ್ಟಾಗಿತ್ತು. ಲಿಂಡ್ನರ್ ವೆಲ್ಡಿಂಗ್ ಅಂಗಡಿಯ ಮುಂದೆ ಗಾಡಿಯೊಂದೂ ಇರಲಿಲ್ಲ. ಹೋದ ವರ್ಷ ಜೂನ್‌ನಲ್ಲೂ ಎರ್ವಿನ್ ಗಟ್ಟಿ ಮಾಡಿದ್ದ ಬೈಕೊಂದು ಇದೇ ಗಣಿಯಲ್ಲಿ ಮುರಿದು, ಓಡಿಸುತ್ತಿದ್ದ ಹುಡುಗಿ ಸತ್ತಿದ್ದಳು. ಟೀಗನ್ ಟ್ರೆಂಬಾತ್, ಗ್ಯಾವಿನ್‌ನ ಒಬ್ಬಳೇ ಮಗಳು. ಅತಿವೇಗ, ತಪ್ಪಾಗಿ ಇಳಿದದ್ದು ಎಂದು ವರದಿಯಾಗಿತ್ತು. ಆಮೇಲೆ ಗ್ಯಾವಿನ್ ತಾನಾಗಿ ಮುಂದೆ ಬಂದು ಕ್ಲಬ್ಬಿನ ಬೈಕು ತಪಾಸಣೆಯ ಹೊಣೆ ವಹಿಸಿಕೊಂಡಿದ್ದ.

ಮಧ್ಯಾಹ್ನ ಎರಡಕ್ಕೆ ಸಾರ್ಜೆಂಟ್ ಅಂಗಡಿಗೆ ಹೋದಾಗ ಅರವತ್ತೆಂಟರ ಎರ್ವಿನ್ ವೆಲ್ಡಿಂಗ್ ಯಂತ್ರ ಆನ್ ಮಾಡದೆ ಸ್ಟೂಲಿನ ಮೇಲೆ ಕೂತಿದ್ದ.

"ಬಂದ್ಯಾ? ಬೇಡಿ ತಂದಿದೀಯಾ, ಕೈಲೇ ಹಿಡ್ಕೊಂಡು ಹೋಗ್ತೀಯಾ?"

"ಮೊದ್ಲು ಪ್ರಶ್ನೆ. ಬೈಕು ಯಾವಾಗ ಕೊಟ್ರಿ?"

"ಶುಕ್ರವಾರ. ನಾಲ್ಕು ಗಂಟೆಗೆ."

"ಕಪ್ಪು ಬಣ್ಣ ಹೊಡೆದದ್ದು?"

"ಬಣ್ಣಾನಾ?" ಅವನು ಎದ್ದು ನಿಂತ. "ಬೆಸುಗೆ ಮೇಲೆ ನಾನು ಬಣ್ಣ ಹೊಡೆಯಲ್ಲ ತಾಯಿ. ಬರೀ ವಾರ್ನಿಶ್. ಬಣ್ಣ ಬಿದ್ರೆ ಒಳಗಿನ ಬಿರುಕು ಕಾಣಲ್ಲ." ಫೋನ್ ತೆಗೆದು ಫೋಟೋ ತೋರಿಸಿದ. ಶುಕ್ರವಾರ, ೩:೫೨. ಬೆಸುಗೆ, ತಗಡು, ಕೊಳವೆಯ ಕೆಳಭಾಗ ಎಲ್ಲ ಬರಿ ಉಕ್ಕು.

ಸಾರ್ಜೆಂಟ್ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. "ತಗಡಿನ ತುದಿ ಮೀನಿನ ಬಾಲದ ಹಾಗೆ ಸೀಳಿದೀರಲ್ಲ, ಯಾಕೆ?"

"ಕೊಳವೆಗೆ ಅಡ್ಡ ಬೆಸೆದ್ರೆ ಆ ಗೆರೆಯಲ್ಲೇ ಬಿರುಕು ಬಿಡುತ್ತೆ. ಉದ್ದಕ್ಕೆ ಬೆಸೆದ್ರೆ ಭಾರ ಹಂಚಿಹೋಗುತ್ತೆ."

"ಮೊದ್ಲಿಂದ ಹೀಗೇ ಮಾಡ್ತಿದ್ರಾ?"

ಎರ್ವಿನ್ ಫೋನನ್ನು ವಾಪಸ್ ತೆಗೆದುಕೊಂಡು ಮತ್ತೆ ಸ್ಟೂಲಿನ ಮೇಲೆ ಕೂತ.

"ಇಲ್ಲ. ಟೀಗನ್ ಹೋದ್ಮೇಲೆ. ಅವಳದ್ದಕ್ಕೆ ಅಡ್ಡ ಬೆಸೆದಿದ್ದೆ. ತಪ್ಪು ನಂದೇ."

"ಗ್ಯಾವಿನ್‌ಗೆ ಹೇಳಿದ್ರಾ?"

"ಏನಂತ ಹೇಳ್ಲಿ? ಎರಡು ಸಲ ಅವನ ಗೇಟಿನ ತನಕ ಹೋಗಿ ವಾಪಸ್ ಬಂದೆ."

ಶನಿವಾರದ ತಪಾಸಣೆಯ ಕಾಗದಗಳು ಕ್ಲಬ್ಬಿನಿಂದ ಬಂದವು. ಏಳನೇ ನಂಬರು, ಮಧ್ಯಾಹ್ನ ೨:೪೦. 'ಫ್ರೇಮ್: ಸರಿ ಇದೆ.' ಸಹಿ, ಗ್ಯಾವಿನ್ ಟ್ರೆಂಬಾತ್. ತಪಾಸಣೆಯಾದ ಬೈಕುಗಳನ್ನು ತಗಡಿನ ಶೆಡ್ಡಿನಲ್ಲಿಟ್ಟು ಬೀಗ ಹಾಕಿದರೆ ಭಾನುವಾರ ಬೆಳಿಗ್ಗೆ ತನಕ ಸವಾರರೂ ಮುಟ್ಟುವಂತಿಲ್ಲ. ಪಂದ್ಯಕ್ಕೆ ಮುಂಚೆ ಲೋರ್ನಾ ತೆಗೆದ ಫೋಟೋದಲ್ಲಿ ಕತ್ತಿನ ಕೆಳಗೆ ಕಪ್ಪು ಬಣ್ಣ ಕಾಣುತ್ತಿತ್ತು.

"ಕೀಲಿ ಎಷ್ಟಿವೆ?" ಸಾರ್ಜೆಂಟ್ ಕೇಳಿದಳು.

"ಎರಡು," ಎಂದ ತೆವಿತಾ. "ಒಂದು ಅಧ್ಯಕ್ಷರ ಹತ್ರ. ಅವ್ರು ಶನಿವಾರ ಮೊಮ್ಮಗಳ ನಾಮಕರಣಕ್ಕೆ ಅಡಿಲೇಡಿಗೆ ಹೋಗಿದ್ರು, ಚರ್ಚಿನ ಫೋಟೋ ಇದೆ. ಇನ್ನೊಂದು..." ಅವನು ತಪಾಸಣೆಯ ಕಾಗದದ ಸಹಿಯ ಮೇಲೆ ಬೆರಳಿಟ್ಟ. ಅವನು ಈ ಊರಿಗೆ ಬಂದ ಮೊದಲ ವಾರ ಮನೆಗೆ ಕರೆದು ಊಟ ಹಾಕಿದವನು ಗ್ಯಾವಿನ್.

ಬುಧವಾರ ಬೆಳಿಗ್ಗೆ ಶೆಡ್ಡಿನ ಮಹಜರು ನಡೆಯಿತು. ಏಳನೇ ಬೈಕು ನಿಂತಿದ್ದ ಜಾಗದ ಸಿಮೆಂಟಿನ ಮೇಲೆ ಅಯಸ್ಕಾಂತ ಆಡಿಸಿದಾಗ ಚಿಟಿಕೆಯಷ್ಟು ಕಬ್ಬಿಣದ ಪುಡಿ ಸಿಕ್ಕಿತು. ಕಪಾಟಿನಲ್ಲಿ, ಟ್ರ್ಯಾಕಿನ ಗೂಟಗಳಿಗೆ ಹೊಡೆಯುವ ಕಪ್ಪು ಬಣ್ಣದ ಡಬ್ಬಿ. ಎರಡನ್ನೂ ಮುರಿದ ಕೊಳವೆಯ ಜೊತೆ ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಿದರು.

ಗುರುವಾರ ಸಂಜೆ ಐದು ಹತ್ತಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ಬ್ರೈಯನಿ ತೀರಿಕೊಂಡಿದ್ದಳು. ಸಾರ್ಜೆಂಟ್ ಕಡತದ ಮೇಲಿನ ಶೀರ್ಷಿಕೆಯನ್ನು ಹೊಡೆದುಹಾಕಿ, ಸಾವಿನ ಪ್ರಕರಣ ಎಂದು ಬರೆದಳು. ಮುಂದಿನ ಗುರುವಾರ ಶವಸಂಸ್ಕಾರ. ಶವಪೆಟ್ಟಿಗೆಗೆ ಹೆಗಲು ಕೊಟ್ಟ ಆರು ಜನರಲ್ಲಿ ಗ್ಯಾವಿನ್ ಒಬ್ಬ. ಲೋರ್ನಾ ಅವನನ್ನೇ ಕೇಳಿಕೊಂಡಿದ್ದಳು. ಪ್ರಯೋಗಾಲಯದ ವರದಿ ಇನ್ನೂ ಬಂದಿರಲಿಲ್ಲ. ಸಾರ್ಜೆಂಟ್ ಹಿಂದಿನ ಸಾಲಿನಲ್ಲಿ ನಿಂತು ನೋಡಿದಳು, ಏನೂ ಮಾಡುವ ಹಾಗಿರಲಿಲ್ಲ.

ವರದಿ ಬಂದದ್ದು ೨೭ಕ್ಕೆ. ಬಣ್ಣ ಅದೇ ಡಬ್ಬಿಯದು. ಪುಡಿ ಅದೇ ಕೊಳವೆಯದು.

ಆಗಸ್ಟ್ ೨೮, ಬುಧವಾರ, ಬೆಳಿಗ್ಗೆ ಹನ್ನೊಂದು. ಗ್ಯಾವಿನ್ ಸಾರ್ಜೆಂಟನ್ನೂ ತೆವಿತಾನನ್ನೂ ತನ್ನ ಅಡುಗೆಮನೆಯಲ್ಲಿ ಕೂರಿಸಿ ಕೆಟಲ್ ಇಟ್ಟ. ಮೇಜಿನ ತುದಿಯಲ್ಲಿ, ಉಪ್ಪು-ಮೆಣಸಿನ ಕುಡಿಕೆಗಳ ಪಕ್ಕ, ಇನ್ನೊಂದು ಬೈಕಿನ ಮುರಿದ ಕತ್ತು ಇತ್ತು. ಸಾರ್ಜೆಂಟ್ ಅದನ್ನು ತಿರುಗಿಸಿ ನೋಡಿದಳು. ಕೊಳವೆಗೆ ಅಡ್ಡವಾಗಿ ಹಾಕಿದ ಬೆಸುಗೆ. ಅದರ ಅಂಚಿಗೆ ಸರಿಯಾಗಿ ಬಿರುಕು.

"ಶನಿವಾರ ಸಂಜೆ ಎಲ್ಲಿದ್ರಿ?"

"ಐದು ಗಂಟೆಗೆ ಎಲ್ರೂ ಬಾರ್ಬೆಕ್ಯೂ ಹತ್ರ ಇದ್ರು. ನಾನು ಶೆಡ್ಡಲ್ಲಿದ್ದೆ." ಅವನು ಅವಳ ಮುಖ ನೋಡಿದ. "ಅದೇ ತಾನೆ ಕೇಳ್ಬೇಕಾಗಿದ್ದು? ಬ್ಲೇಡು ನನ್ನ ಗಾಡೀಲಿದೆ. ಬಿಸಾಕಿಲ್ಲ."

ತೆವಿತಾ ಬರೆಯುವುದನ್ನು ನಿಲ್ಲಿಸಿದ.

"ಬ್ರೈಯನಿ ಮೇಲೆ ಏನು ಸಿಟ್ಟಿತ್ತು?"

"ಅವಳ ಮೇಲಾ? ಅಯ್ಯೋ." ಅವನು ಕುರ್ಚಿ ಎಳೆದು ಕೂತ. "ಟೀಗನ್ ಜೊತೆ ಶಾಲೆಗೆ ಹೋದ ಹುಡುಗಿ ಅದು. ಯಾವ ಸಿಟ್ಟೂ ಇಲ್ಲ. ಎರ್ವಿನ್ ಹತ್ರ ಮಾಡಿಸಿದ್ದು ಅವಳದ್ದೊಂದೇ ಇತ್ತು ಶೆಡ್ಡಲ್ಲಿ, ಉಳಿದವೆಲ್ಲ ಬೇರೆ ಊರಿನವ್ರ ಬೈಕು."

"ಮತ್ತೆ?"

"ಹೊರಟ ಕೂಡ್ಲೆ ಒಂದು ಸಣ್ಣ ದಿಣ್ಣೆ ಇದೆಯಲ್ಲ, ಅಲ್ಲೇ ಮುರೀಬೇಕಿತ್ತು. ವೇಗ ಇರಲ್ಲ. ಕೆಳಗೆ ಬೀಳ್ತಾಳೆ, ಬಟ್ಟೆ ಕೊಡವ್ಕೊಂಡು ಏಳ್ತಾಳೆ, ಊರೆಲ್ಲ ನೋಡುತ್ತೆ, ಇವನು ಬೆಸೆದದ್ದು ಹೀಗೇ ಮುರಿಯೋದು ಅಂತ. ಹದಿನಾಲ್ಕು ತಿಂಗಳಿಂದ ಪಬ್ಬಲ್ಲಿ, ಅಂಗಡೀಲಿ ಒಂದೇ ಮಾತು. ಟೀಗನ್ ಒಳ್ಳೆ ಹುಡುಗಿ, ಆದ್ರೆ ಹುಚ್ಚು ವೇಗ. ನಾನೇ ಕಲಿಸಿದೀನಿ ಸಾರ್ಜ್, ಅವಳು ಹಾಗೆ ಓಡಿಸ್ತಿರ್ಲಿಲ್ಲ."

"ದಿಣ್ಣೇಲಿ ಮುರೀಲಿಲ್ಲ."

"ಮುರೀಲಿಲ್ಲ. ಬಾವುಟ ಹಿಡ್ಕೊಂಡು ನಿಂತಿದ್ದೆ. ಎರಡನೇ ಸುತ್ತು ಬಂದ್ಲು, ಮೂರನೇದು. ಕೆಂಪು ಬಾವುಟ ತೋರಿಸಿದ್ರೆ ನಿಲ್ತಿದ್ಲು. ಯಾಕೆ ಅಂತ ಕೇಳ್ತಾರಲ್ಲ, ಏನು ಹೇಳ್ಲಿ ಅಂತ ಯೋಚನೆ ಮಾಡ್ತಾ ನಿಂತೆ. ಅರ್ಧ ಕೊಳವೆ ಕೊಯ್ದಿದ್ದೆ. ಆದ್ರೂ ಆ ತಗಡುಗಳು ತಾಳ್ತಾ ಇದ್ವು."

ಕೆಟಲ್ ಕುದಿದು ತಾನಾಗಿ ಆರಿತು. ಯಾರೂ ಏಳಲಿಲ್ಲ.

"ಎರ್ವಿನ್ ಬೆಸುಗೆ ಗಟ್ಟಿಯಾಗೇ ಇತ್ತು," ಎಂದಳು ಸಾರ್ಜೆಂಟ್. "ಟೀಗನ್ ಆದ್ಮೇಲೆ ಅವ್ರು ಕೆಲಸದ ರೀತಿ ಬದಲಾಯಿಸಿದಾರೆ. ಅವಳ ಬೈಕಿಗೆ ತಪ್ಪಾಗಿ ಬೆಸೆದಿದ್ದೆ ಅಂತ ನನ್ನ ಮುಂದೆ ಒಪ್ಪಿಕೊಂಡ್ರು. ನಿಮ್ಮ ಗೇಟಿನ ತನಕ ಎರಡು ಸಲ ಬಂದಿದ್ರಂತೆ."

ಗ್ಯಾವಿನ್ ಮಗಳ ಬೈಕಿನ ತುಂಡಿನ ಮೇಲೆ ಕೈಯಿಟ್ಟು ಕೂತ. ತೋಟದಲ್ಲಿ ನಾಯಿ ಎರಡು ಸಲ ಬೊಗಳಿ ಸುಮ್ಮನಾಯಿತು.

"ಹಾಗಂದ್ನಾ? ಬಾಯಿಬಿಟ್ಟು?"

"ಹೌದು."

"ಬರ್ಕೊಂಡಿದೀರಾ?"

"ಇನ್ನೂ ಇಲ್ಲ. ಈ ಕೇಸಿಗೆ ಸಂಬಂಧ ಇಲ್ಲ ಅಂತ ಬಿಟ್ಟಿದ್ದೆ."

"ಬರೀರಿ," ಎಂದ ಗ್ಯಾವಿನ್. "ನನ್ನನ್ನ ಎಲ್ಲಿಗೆ ಬೇಕಾದ್ರೂ ಹಾಕಿ. ಅದೊಂದನ್ನ ಮಾತ್ರ ಎಲ್ಲಾದ್ರೂ ಒಂದು ಕಡೆ ಬರ್ದಿಡಿ."

ಹನ್ನೊಂದು ಐವತ್ತಕ್ಕೆ ಅವನನ್ನು ಬಂಧಿಸಿದರು. ತೆವಿತಾ ಬೇಡಿ ಹಾಕಲಿಲ್ಲ. ಗಾಡಿಯ ಬಾಗಿಲು ತೆರೆದು, ಅವನ ತಲೆ ತಾಗದಂತೆ ಕೈ ಅಡ್ಡ ಹಿಡಿದ.

ಅಂದು ಮಧ್ಯಾಹ್ನ ಸಾರ್ಜೆಂಟ್ ಹ್ಯಾಸ್ಲೆಟ್ ಆರೋಪದ ಕಾಗದಗಳನ್ನು ಮುಗಿಸಿ, ಕಪಾಟಿನಿಂದ ಹೋದ ವರ್ಷದ ಕಡತ ತೆಗೆದಳು. 'ಅತಿವೇಗ' ಎಂಬ ಪದದ ಕೆಳಗೆ ಇನ್ನೂ ಎರಡು ಸಾಲಿನಷ್ಟು ಜಾಗವಿತ್ತು. ಎರ್ವಿನ್ ಹೇಳಿದ ಮಾತನ್ನು ಹೇಳಿದ ಹಾಗೆಯೇ ಅಲ್ಲಿ ಬರೆದು, ದಿನಾಂಕ ಹಾಕಿ, ಸಹಿ ಮಾಡಿದಳು.