ದಿಂಬಿನಡಿಯ ಕೆಂಪು ಪುಸ್ತಕ

ಬೆಳಿಗ್ಗೆ ಏಳಕ್ಕೆ ದಿಂಬು ಇತ್ತು, ದಿಂಬಿನಡಿಯ ಪುಸ್ತಕ ಇರಲಿಲ್ಲ.

ಕೆಂಪು ರಟ್ಟಿನ ಪುಸ್ತಕ. ಸೆಮಿಸಿ ಆಡಿದ ಹನ್ನೆರಡು ಪಂದ್ಯ, ಗೆದ್ದ ಹನ್ನೆರಡು ಪಂದ್ಯ, ವೈದ್ಯರ ಸಹಿ—ಎಲ್ಲ ಅದರಲ್ಲೇ. ಎಂಟರೊಳಗೆ ಅದನ್ನು ಬಾಕ್ಸರುಗಳ ತೂಕ ನೋಡುವ ಮೇಜಿನ ಮೇಲೆ ಇಡದಿದ್ದರೆ ಸಂಜೆಯ ಫೈನಲ್ ಇಲ್ಲ. ದ್ವೀಪರಾಷ್ಟ್ರಗಳ ಕ್ರೀಡಾಕೂಟ, ಅದೂ ತವರೂರು ನುಕುಅಲೋಫಾದಲ್ಲಿ. ಟೋಂಗಾದ ಹೆವಿವೇಟ್ ಬಾಕ್ಸರ್ ಒಂದು ಗುದ್ದೂ ತಿನ್ನದೆ ಸೋಲಬೇಕು.

ಆಟಗಾರರು ತಂಗಿದ್ದ ಶಾಲೆಗೆ ಪೊಲೀಸ್ ಸಾರ್ಜೆಂಟ್ ಲೂಸೆ ಬಂದಾಗ ಏಳೂ ಹತ್ತು. ತರಬೇತುದಾರ ಹಾರ್ಪರ್ ನ್ಯೂಜಿಲೆಂಡಿನವನು, ಟೋಂಗಾಕ್ಕೆ ಬಂದು ಮೂರೇ ತಿಂಗಳು. ಹಾಸಿಗೆ ಮಗುಚಿದ್ದ, ಚೀಲ ಸುರಿದಿದ್ದ, ಈಗ ಬೀರುವಿನ ಹಿಂದೆ ತಲೆ ತೂರಿಸಿದ್ದ. ಸೆಮಿಸಿ ಮಾತ್ರ ಮಕ್ಕಳ ಬೆಂಚಿನ ಮೇಲೆ ತೊಂಬತ್ತು ಕಿಲೋ ಊರಿ ಕೂತಿದ್ದ.

"ಯಾರ ಮೇಲೆ ಅನುಮಾನ?" ಲೂಸೆ ಕೇಳಿದಳು.

"ಎದುರು ತಂಡದ ಮ್ಯಾನೇಜರು. ನಿನ್ನೆ ಸಂಜೆ ಹಾರೈಸೋಕೆ ಅಂತ ಬಂದಿದ್ದ," ಎಂದ ಹಾರ್ಪರ್.

"ಒಳಗೆ ಬಂದ್ನಾ?"

"ಬಾಗಿಲಲ್ಲೇ ತಡೆದು ಕಳಿಸಿದೆ."

ಕೋಣೆಯ ಜೊತೆಗಾರ ಲೊಪೇತಿ, ತಂಡದ ಅತಿ ಹಗುರ ಬಾಕ್ಸರ್, ಮೂಲೆಯಲ್ಲಿ ಹಲ್ಲುಜ್ಜುತ್ತಿದ್ದ.

"ನಿನಗೇನೋ ಹೊಟ್ಟೆಕಿಚ್ಚಂತೆ? ಕೂಟದ ಮೆರವಣಿಗೇಲಿ ಧ್ವಜ ಹಿಡಿಯೋಕೆ ಇವನನ್ನೇ ಆರಿಸಿದ್ರು ಅಂತ?" ಲೂಸೆ ಅವನನ್ನು ಕೇಳಿದಳು.

"ಇತ್ತು ಮೇಡಂ, ಎರಡು ದಿನ. ಆಮೇಲೆ ಹಸಿವಾಯ್ತು. ಕಿಚ್ಚು ತೆಗೆದು ಹೊಟ್ಟೆಗೆ ಊಟ ಹಾಕಿದೆ. ಪುಸ್ತಕ ನಾನು ಕದ್ದಿಲ್ಲ."

"ಇನ್ಯಾರು ಬಂದಿದ್ರು?"

"ನಿನ್ನೆ ರಾತ್ರಿ ಸೆಮಿಸಿಯ ಅಕ್ಕ ಸೈನಿ. ಹಂದಿಮಾಂಸ, ಗೆಣಸು ತಂದ್ರು. ತಮ್ಮನ ಕೋಣೆಯೊಳಗೆ ಅಕ್ಕ ಕಾಲಿಡೋ ಹಾಗಿಲ್ಲ ನೋಡಿ, ಹೊಸ್ತಿಲಾಚೆನೇ ನಿಂತ್ರು. ಮಗಳು ಕಲಾಲಾ ಒಳಗೆ ತಂದಿಟ್ಟಳು—ಚರ್ಚಲ್ಲಿ ದಿನಾ ಬೆಳಿಗ್ಗೆ ಹಾಡ್ತಾಳಲ್ಲ, ಅವಳೇ."

ಲೂಸೆ ಬೆಂಚಿನತ್ತ ತಿರುಗಿದಳು. "ಯಾರು ಕದ್ದದ್ದು, ಸೆಮಿಸಿ?"

"ಯಾರೂ ಕದ್ದಿಲ್ಲ."

"ಫೈನಲ್ ಹೋಗುತ್ತಲ್ಲೋ?"

"ಹೋಗ್ಲಿ ಬಿಡಿ."

"ಇವನಿಗೆ ತಲೆ ಕೆಟ್ಟಿದೆ," ಹಾರ್ಪರ್ ಕೈಚೆಲ್ಲಿದ. "ಹನ್ನೊಂದು ವರ್ಷದ ಬೆವರು, 'ಹೋಗ್ಲಿ' ಅಂತೆ."

ಲೂಸೆ ಮೂಗು ಹಿಡಿದು ಥೇಟ್ ಹಾರ್ಪರನ ದನಿ ತೆಗೆದಳು. "'ಹುಡುಕ್ರೋ, ಮೂಲೆಮೂಲೆ ಹುಡುಕ್ರೋ'—ನಾನು ಗೇಟಲ್ಲಿದ್ದಾಗಿಂದ ಕೇಳ್ತಿದೀನಿ. ಹುಡುಕಿದ್ದು ನೀವು. ಕಳ್ಕೊಂಡವನು ಬೆಂಚಿಂದ ಎದ್ದಿದ್ನಾ?"

"ಇಲ್ಲ."

"ಕಳ್ಕೊಂಡವನು ಹುಡುಕ್ತಾನೆ. ಹುಡುಕದೋನಿಗೆ ಎಲ್ಲಿದೆ ಅಂತ ಗೊತ್ತಿರುತ್ತೆ."

"ಗೊತ್ತಿದ್ರೆ ಬಾಯಿಬಿಡೋಕೇನು?"

"ಬಿಡೋ ಹಾಗಿಲ್ಲ ಸ್ವಾಮಿ. ನಮ್ಮಲ್ಲಿ ಅಕ್ಕನ ಮಕ್ಕಳು ಫಹು. ಸೋದರಮಾವನ ಹತ್ರ ಕಣ್ಣಿಗೆ ಬಿದ್ದದ್ದನ್ನ ಎತ್ಕೊಳ್ಳೋ ಹಕ್ಕು ಅವರಿಗಿದೆ. ಮಾವ ವಾಪಸ್ ಕೇಳಿದ್ರೆ ಅಕ್ಕನಿಗೇ ಅವಮಾನ. ನಾವು 'ಯಾರು ಕದ್ರು' ಅಂತ ಕೇಳಿದ್ವಿ. ಇವನು ನಿಜಾನೇ ಹೇಳಿದ, ಯಾರೂ ಕದ್ದಿಲ್ಲ. ಎತ್ಕೊಂಡಿದ್ದಾಳೆ. ಕಲಾಲಾ."

ಸೆಮಿಸಿಯ ತಲೆ ಇನ್ನಷ್ಟು ಬಾಗಿತು.

"ಯಾಕೆ ಅಂತ?" ಹಾರ್ಪರನ ದನಿ ಕುಗ್ಗಿತ್ತು.

"ಹನ್ನೆರಡಕ್ಕೆ ಹನ್ನೆರಡು ಗೆದ್ದ ಮಾವ ಇದ್ರೆ ಯಾವ ಹುಡುಗಿ ಊರಿಗೆಲ್ಲ ತೋರಿಸದೆ ಇರ್ತಾಳೆ? ನಡೀರಿ ಚರ್ಚಿಗೆ. ಇವನು ಕೇಳಬಾರದು, ನಾನು ಕೇಳಬಹುದು."

ಚರ್ಚಿನಲ್ಲಿ ಹಾಡು ನಿಂತಿತ್ತು. ಕೆಂಪು ಪುಸ್ತಕ ನಲವತ್ತು ಜನರ ಕೈಯಿಂದ ಕೈಗೆ ಸಾಗುತ್ತಿತ್ತು. ತೂಕದ ಮೇಜಿನ ವಿಷಯ ಕೇಳಿ ಕಲಾಲಾಳ ಮುಖ ಬಿಳಿಚಿತು. ಅವಳಿಗೆ ಅದು ತಿಳಿದಿರಲಿಲ್ಲ. ಆದರೂ ಪುಸ್ತಕವನ್ನು ಪೊಲೀಸರ ಕೈಗೆ ಕೊಡಲಿಲ್ಲ. ತಾನೇ ಜೀಪು ಹತ್ತಿದಳು.

ಎಂಟಕ್ಕೆ ಐದು ನಿಮಿಷವಿದ್ದಾಗ, ತೂಕಡಿಸುತ್ತಿದ್ದ ತೂಕದ ಅಧಿಕಾರಿಯ ಮುಂದೆ ಅದನ್ನಿಟ್ಟಳು.

"ಯಾರದಮ್ಮ ಇದು?"

"ನಂದು," ಎಂದಳು ಕಲಾಲಾ, ತಲೆಯೆತ್ತಿ. "ಸಂಜೆವರೆಗೆ ಮಾವ ಇಟ್ಕೊಳ್ಲಿ."

ಸೆಮಿಸಿ ತಕ್ಕಡಿ ಹತ್ತಿದ. ಹಾರ್ಪರ್ ಮೆಲ್ಲಗೆ ಕೇಳಿದ: "ಹಾಗಾದ್ರೆ ಚಿನ್ನದ ಪದಕ?"

"ಅದೂ ಅವಳದೇ," ಸೆಮಿಸಿ ಎದೆ ಸೆಟೆಸಿದ. "ಎತ್ಕೊಳ್ಳೋಕೆ ಮೊದಲು ನಾನು ತರಬೇಕಲ್ಲ."